ಲೆಕ್ಕ ಹಾಕುವುದು ಪೋಲಲ್ಲ

ಹಾರುವ ವಿದ್ಯುತ್ ವಾಹನ ಸಿರಿವಂತರ ಆಟಿಕೆ, ಅದರ ಮೇಲಿನ ವಿಶ್ವವಿದ್ಯಾಲಯ ಸಂಶೋಧನೆ ಹಣದ ಪೋಲು ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ನೆಟ್ಟಗೆ ಮೇಲೇರಲು ಅಪಾರ ಶಕ್ತಿ ಬೇಕೆಂಬ ಅದರ ಮಾತು ನಿಜ. ಆದರೆ ಅದು ಅರ್ಧ ಲೆಕ್ಕ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ 2019ರ ಅಧ್ಯಯನ ಉಳಿದರ್ಧವನ್ನು ಹೇಳುತ್ತದೆ. ಮೇಲೇರಿದ ಮೇಲೆ ರೆಕ್ಕೆಯ ಬಲದಲ್ಲಿ ಸಾಗುವಾಗ ಖರ್ಚು ಇಳಿಯುತ್ತದೆ. ಪೈಲಟ್ ಜೊತೆ ಮೂವರು 100 ಕಿ.ಮೀ. ಹಾರಿದರೆ, ಸರಾಸರಿ ಒಂದೂವರೆ ಜನರಿರುವ ಪೆಟ್ರೋಲ್ ಕಾರಿಗಿಂತ ತಲಾವಾರು ಮಾಲಿನ್ಯ ಶೇ 52ರಷ್ಟು, ವಿದ್ಯುತ್ ಕಾರಿಗಿಂತ ಶೇ 6ರಷ್ಟು ಕಡಿಮೆ.

ಒಬ್ಬರೇ ಹೋಗುವುದಾದರೆ 35 ಕಿ.ಮೀ.ಗಿಂತ ಹತ್ತಿರದ ಪಯಣಕ್ಕೆ ಪೆಟ್ರೋಲ್ ಕಾರೇ ಮೇಲು ಎಂದದ್ದೂ ಅದೇ ತಂಡ. ಇದನ್ನು ಯಾವ ಕಂಪನಿಯ ಜಾಹೀರಾತು ಹೇಳೀತು? ಎಲ್ಲಿ ಹಾರಬಾರದೆಂದು ತಿಳಿಯುವುದಕ್ಕೂ ಸಂಶೋಧನೆಯೇ ಬೇಕು. ಅದನ್ನು ನಿಲ್ಲಿಸಿದರೆ ತೀರ್ಮಾನ ಮಾರುವವರ ಪಾಲಾಗುತ್ತದೆ.