ಕರೆಂಟಿನ ಕಂಪನಿ ಬದಲಾದರೆ ಸಹಿ ಯಾರದು?

ರಾಯಚೂರು ತಾಲ್ಲೂಕಿನ ಗಿಲ್ಲೆಸುಗೂರಿನ ಹಿರಿಯರು ತಮ್ಮ ಮನೆಗೆ ಬರುವ ಒಂದೇ ತಂತಿಗೆ ಮೂವರು ಒಡೆಯರನ್ನು ಕಂಡಿದ್ದಾರೆ. 1999ರ ಜುಲೈವರೆಗೆ ಅದು ಕರ್ನಾಟಕ ವಿದ್ಯುತ್ ಮಂಡಳಿಯದು. ಆ ವರ್ಷದ ಆಗಸ್ಟ್‌ನಿಂದ ವಿದ್ಯುತ್ ಪ್ರಸರಣ ನಿಗಮದ್ದು. 2002ರ ಜೂನ್‌ನಿಂದ ಕಲಬುರಗಿಯಲ್ಲಿ ಕಚೇರಿಯುಳ್ಳ ಜೆಸ್ಕಾಂನದು. ಕಂಬ, ಟಿ.ಸಿ., ಲೈನ್‌ಮನ್ ಎಲ್ಲವೂ ಇದ್ದಲ್ಲೇ ಇದ್ದವು, ಬಿಲ್ಲಿನ ತಲೆಬರಹ ಮಾತ್ರ ಬದಲಾಯಿತು. ಒಪ್ಪಿಗೆ ಇದೆಯೇ ಎಂದು ಯಾವ ಮನೆಯವರನ್ನೂ ಕೇಳಲಿಲ್ಲ. ಮಲೆನಾಡಿನ ಹಳ್ಳಿಗಳು ಮೆಸ್ಕಾಂಗೆ ಸೇರಿದ್ದೂ ಹೀಗೆಯೇ. ಮೂರೂ ಸರ್ಕಾರದ ಸಂಸ್ಥೆಗಳೇ ಆದ್ದರಿಂದ ಆಗ ಅದು ದೊಡ್ಡ ಪ್ರಶ್ನೆಯಾಗಲಿಲ್ಲ.

ಮುಂದೆ ಅದು ಹಾಗೆಯೇ ಇರುತ್ತದೆಂದು ಹೇಳಲಾಗದು. ಒಂದೇ ಪ್ರದೇಶದಲ್ಲಿ, ಒಂದೇ ತಂತಿಜಾಲದ ಮೇಲೆ ಹಲವು ಕಂಪನಿಗಳು ವಿದ್ಯುತ್ ಮಾರಲು ಅವಕಾಶ ಕೊಡುವ ತಿದ್ದುಪಡಿ ಮಸೂದೆಯನ್ನು ಕೇಂದ್ರ ಸರ್ಕಾರ 2022ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿತು. ಸ್ಥಾಯಿ ಸಮಿತಿಗೆ ಹೋದ ಆ ಮಸೂದೆ 2024ರಲ್ಲಿ ಲೋಕಸಭೆಯ ವಿಸರ್ಜನೆಯೊಡನೆ ಬಿದ್ದುಹೋಯಿತು. 2025ರ ಅಕ್ಟೋಬರ್‌ನಲ್ಲಿ ಅದೇ ಆಶಯ ಹೊಸ ಕರಡಿನ ರೂಪದಲ್ಲಿ ಮರಳಿತು. ಮೊಬೈಲ್ ಕಂಪನಿಯನ್ನು ಬದಲಾಯಿಸಿದಷ್ಟೇ ಸುಲಭವಾಗಿ ವಿದ್ಯುತ್ ಕಂಪನಿಯನ್ನೂ ಬದಲಾಯಿಸಬಹುದು ಎಂಬುದು ಇದನ್ನು ಬೆಂಬಲಿಸುವವರ ಮುಖ್ಯ ವಾದ.

ಈ ಹೋಲಿಕೆಯನ್ನು ಸ್ವಲ್ಪ ನಿಂತು ನೋಡಬೇಕು. 2011ರ ಜನವರಿಯಲ್ಲಿ ದೇಶದಾದ್ಯಂತ ಜಾರಿಗೆ ಬಂದ ಮೊಬೈಲ್ ವ್ಯವಸ್ಥೆಯಲ್ಲಿ ಗ್ರಾಹಕನು ತನ್ನದೇ ಫೋನಿನಿಂದ 1900ಕ್ಕೆ ಸಂದೇಶ ಕಳುಹಿಸಬೇಕು. ಅದಕ್ಕೆ ಬರುವ ಸಂಕೇತವನ್ನು ತಾನೇ ಹೊಸ ಕಂಪನಿಗೆ ಕೊಡಬೇಕು. ಆ ಸಂಕೇತವೇ ಅವನ ಒಪ್ಪಿಗೆ. ಗೋಡೆಯ ಮೇಲಿನ ಮೀಟರಿಗೆ ಅಂತಹ ಬಾಯಿಲ್ಲ. ಅದರ ಪರವಾಗಿ ಮಾತನಾಡುವುದು ಆರ್.ಆರ್. ಸಂಖ್ಯೆ. ಆ ಸಂಖ್ಯೆ ಯಾರ ಹೆಸರಿನಲ್ಲಿದೆ? ಎಷ್ಟೋ ಮನೆಗಳಲ್ಲಿ ತೀರಿಹೋದ ಅಜ್ಜನ ಹೆಸರಿನಲ್ಲಿ, ಇನ್ನು ಕೆಲವೆಡೆ ಮನೆ ಮಾರಿ ಪಟ್ಟಣ ಸೇರಿದವರ ಹೆಸರಿನಲ್ಲಿ. 2023ರಲ್ಲಿ ಗೃಹಜ್ಯೋತಿಗಾಗಿ ಆರ್.ಆರ್. ಸಂಖ್ಯೆಗೆ ಆಧಾರ್ ಜೋಡಿಸಲು ಹೊರಟಾಗ ಈ ಗೊಂದಲ ಊರೂರಲ್ಲಿ ಬಯಲಾಯಿತು. ಉಚಿತ ವಿದ್ಯುತ್ತಿನ ಅರ್ಜಿಯಲ್ಲಿ ಹೆಸರು ಹೊಂದದಿದ್ದರೆ ಸೌಲಭ್ಯ ತಡವಾಗುತ್ತದೆ, ಅಷ್ಟೇ. ಕಂಪನಿ ಬದಲಾವಣೆಯ ಪತ್ರದಲ್ಲಿ ಹೆಸರು ಹೊಂದದಿದ್ದರೆ ಸತ್ತವರು ಒಪ್ಪಿದಂತೆ, ಬದುಕಿರುವವರು ಬಿಲ್ಲು ಕಟ್ಟಿದಂತೆ ಆಗುತ್ತದೆ.

ಆದ್ದರಿಂದ ನಿಯಮ ಸ್ಪಷ್ಟವಾಗಿರಬೇಕು. ಒಪ್ಪಿಗೆ ಪತ್ರವು ಕನ್ನಡದಲ್ಲಿ, ಬೇರೆ ಯಾವ ಅರ್ಜಿಯೊಡನೆಯೂ ಸೇರದೆ, ಪ್ರತ್ಯೇಕವಾಗಿರಬೇಕು. ಸಾಲಕ್ಕೆಂದೋ ಹೊಸ ಮೀಟರಿಗೆಂದೋ ಹಾಕಿಸಿಕೊಂಡ ಹೆಬ್ಬೆಟ್ಟು ಇದಕ್ಕೆ ಸಲ್ಲಬಾರದು. ಯೂನಿಟ್ ದರ ಎಷ್ಟು ಕಾಲದವರೆಗೆ, ನಿಗದಿತ ಶುಲ್ಕ ಎಷ್ಟು, ಹಿಂದಿರುಗಬೇಕೆಂದರೆ ದಂಡವಿದೆಯೇ ಎಂಬುದನ್ನು ಬರೆದಿರಬೇಕು. ಸಹಿ ಹಾಕಿದ ಮೇಲೂ ಮನಸ್ಸು ಬದಲಾಯಿಸಲು ಕೆಲವು ದಿನಗಳ ಅವಕಾಶ ಇರಬೇಕು. ಬಾಡಿಗೆ ಮನೆಯಲ್ಲಿ ಬಿಲ್ಲು ಕಟ್ಟುವವರ ಮಾತನ್ನೂ ಕೇಳಬೇಕು. ಠೇವಣಿಯ ಮಾತು ಬೇರೆಯೇ ಇದೆ. ಸುಮಾರು ಎರಡು ತಿಂಗಳ ಬಿಲ್ಲಿನಷ್ಟು ಹಣ ಪ್ರತಿ ಗ್ರಾಹಕನದೂ ಕಂಪನಿಯಲ್ಲಿರುತ್ತದೆ. 2003ರ ವಿದ್ಯುತ್ ಕಾಯ್ದೆಯ 47ನೇ ಕಲಮು ಅದಕ್ಕೆ ಬಡ್ಡಿ ಕೊಡಬೇಕೆನ್ನುತ್ತದೆ. ಹಳೆಯ ಕಂಪನಿ ಅದನ್ನು ಹಿಂದಿರುಗಿಸುವ ಮೊದಲೇ ಹೊಸದು ಮತ್ತೆ ಕೇಳಿದರೆ ಬಡವನು ಎರಡು ಠೇವಣಿ ಕಟ್ಟಬೇಕಾಗುತ್ತದೆ.

ಮುಂಬೈಯಲ್ಲಿ 2009ರಿಂದ ಒಂದು ಕಂಪನಿಯ ತಂತಿಯ ಮೇಲೆಯೇ ಇನ್ನೊಂದು ಕಂಪನಿಯ ವಿದ್ಯುತ್ ಪಡೆಯುವ ಅವಕಾಶ ಸಿಕ್ಕಿತು. ಕೆಲವೇ ವರ್ಷಗಳಲ್ಲಿ, ದೊಡ್ಡ ಬಿಲ್ಲಿನ ಗ್ರಾಹಕರನ್ನೇ ಆರಿಸಿಕೊಳ್ಳಲಾಗುತ್ತಿದೆ ಎಂಬ ದೂರು ಅಲ್ಲಿನ ಆಯೋಗದ ಮುಂದೆ ಬಂತು. ಬ್ರಿಟನ್ನಿನಲ್ಲಿ 2021ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಮುಳುಗಿದಾಗ ಅವುಗಳ ಗ್ರಾಹಕರನ್ನು ಬೇರೆ ಕಂಪನಿಗಳಿಗೆ ಒಪ್ಪಿಗೆ ಕೇಳದೆಯೇ ಸೇರಿಸಬೇಕಾಯಿತು. ದೀಪ ಆರದಿರಲು ಅದು ಅನಿವಾರ್ಯವಾಗಿತ್ತು. ಒಪ್ಪಿಗೆಗೆ ಅಪವಾದ ಬೇಕಾದರೆ ಅಂತಹ ಸಂದರ್ಭಕ್ಕೆ ಮಾತ್ರ ಇರಲಿ.

ಒಪ್ಪಿಗೆಯ ನಿಯಮ ಎಷ್ಟೇ ಚೆನ್ನಾಗಿದ್ದರೂ ಅದು ಕಾಯುವುದು ಕಂಪನಿಗಳು ಹುಡುಕಿಕೊಂಡು ಬರುವ ಗ್ರಾಹಕನನ್ನು. ಯಾರೂ ಹುಡುಕಿ ಬಾರದವನ ಗತಿಯೇನು? ತುಂಗೆ, ಭದ್ರೆಯರು ಹುಟ್ಟುವ ಬೆಟ್ಟಗಳವರಿಗೆ ಕಾಲುವೆಯ ಕೊನೆಯ ಭಾಗದ ಕಷ್ಟ ಅಷ್ಟಾಗಿ ತಿಳಿಯದು. ರಾಯಚೂರಿನ ರೈತರಿಗೆ ಚೆನ್ನಾಗಿ ತಿಳಿದಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಕೊನೆಯ ಹೊಲಕ್ಕೆ ಕೊಡಬಾರದೆಂದು ಯಾವ ಆದೇಶವೂ ಹೇಳುವುದಿಲ್ಲ. ಮೇಲಿನವರು ಎಳೆದುಕೊಂಡ ಮೇಲೆ ಉಳಿಯುವುದಿಲ್ಲ, ಅಷ್ಟೇ. ವಿದ್ಯುತ್ತಿನಲ್ಲಿಯೂ ಆ ದಾರಿ ಆಗಲೇ ತೆರೆದಿದೆ. ಒಂದು ಮೆಗಾವ್ಯಾಟ್‌ಗಿಂತ ಹೆಚ್ಚು ಬೇಕಾದ ಗ್ರಾಹಕರು ಬೇರೆಡೆಯಿಂದ ಕೊಳ್ಳಲು 2003ರ ಕಾಯ್ದೆಯೇ ಅವಕಾಶ ಕೊಟ್ಟಿತು. ಹಸಿರು ವಿದ್ಯುತ್ತಿಗೆ 2022ರ ನಿಯಮಗಳು ಆ ಮಿತಿಯನ್ನು 100 ಕಿಲೋವ್ಯಾಟ್‌ಗೆ ಇಳಿಸಿದವು. ಹೆಚ್ಚು ದರ ಕೊಡುವ ಕಾರ್ಖಾನೆಗಳು ಹೊರಟರೆ ಅವುಗಳ ಹಣದಿಂದ ಅಗ್ಗವಾಗಿದ್ದ ಮನೆದೀಪದ ಭಾರ ಉಳಿದವರ ಮೇಲೆ ಬೀಳುತ್ತದೆ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿನ ರೈತ ಬಿಲ್ಲನ್ನೇ ಕಟ್ಟುವುದಿಲ್ಲ, ಅವನ ಪಾಲನ್ನು ಸರ್ಕಾರ ಕೊಡುತ್ತದೆ. ಅವನ ಒಪ್ಪಿಗೆಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಒಂದು ಮನೆಗಾಗಿ ಅರ್ಧ ಮೈಲಿ ತಂತಿ ಎಳೆದು, ಮಳೆಗಾಲದುದ್ದಕ್ಕೂ ಅದರ ಮೇಲೆ ಬಿದ್ದ ಮರ ಕಡಿಯಬೇಕಾದ ಮಲೆನಾಡಿನ ಒಂಟಿಮನೆಯೂ ಅದೇ ಸಾಲಿನಲ್ಲಿ ನಿಲ್ಲುತ್ತದೆ.

ಗಿಲ್ಲೆಸುಗೂರಿನ ತಾಲ್ಲೂಕಿನಲ್ಲಿಯೇ, ಕೃಷ್ಣೆಯ ದಡದ ಶಕ್ತಿನಗರದಲ್ಲಿ, 1720 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ಸ್ಥಾವರವಿದೆ. ಬಿಲ್ಲಿನ ಮೇಲಿನ ಹೆಸರು ಬದಲಾದ ಮಾತ್ರಕ್ಕೆ ಅದರ ಹಾರುಬೂದಿ ಕಡಿಮೆಯಾಗದು. ‘ಹಸಿರು’ ಎಂಬ ಮಾತಿಗೆ ಮನಸೋತು ಸಹಿ ಹಾಕುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಯಾವ ಕಂಪನಿಯೂ ಬೇಡವೆಂದ ಮನೆಗೆ ಸರಬರಾಜು ಮಾಡುವ ಹೊಣೆ ಯಾರದು ಎಂಬುದನ್ನು ಒಪ್ಪಿಗೆಯ ನಿಯಮದ ಪಕ್ಕದಲ್ಲೇ, ಅಷ್ಟೇ ಸ್ಪಷ್ಟವಾಗಿ ಬರೆಯಬೇಕು. ನಿಬಂಧನೆಗಳನ್ನು ಜಾರಿಗೆ ತರುವ ಮುನ್ನ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಅವುಗಳ ಕರಡನ್ನು ಪ್ರಕಟಿಸಲೇಬೇಕೆಂದು ಕಾಯ್ದೆ ಹೇಳುತ್ತದೆ. ದರ ನಿಗದಿಗೆ ಮೊದಲು ಜನರ ಆಕ್ಷೇಪಣೆಗಳನ್ನು ಪರಿಶೀಲಿಸಬೇಕೆಂದೂ ಹೇಳುತ್ತದೆ. ಗ್ರಾಮಸಭೆಯ ನಿರ್ಣಯಗಳು ಅಲ್ಲಿಗೆ ಕನ್ನಡದಲ್ಲಿಯೇ ಹೋಗಲಿ. ಅದಕ್ಕೂ ಮೊದಲು ಈ ತಿಂಗಳ ಬಿಲ್ಲನ್ನು ಎದುರಿಗಿಟ್ಟುಕೊಂಡು ಆರ್.ಆರ್. ಸಂಖ್ಯೆಯ ಮುಂದಿರುವ ಹೆಸರನ್ನು ಓದಬೇಕು. ಅದು ಅಜ್ಜನ ಹೆಸರಾಗಿದ್ದರೆ, ಮರಣ ಪ್ರಮಾಣಪತ್ರವನ್ನೂ ವಾರಸುದಾರಿಕೆಯ ದಾಖಲೆಯನ್ನೂ ಹಿಡಿದು ಹತ್ತಿರದ ಶಾಖಾ ಕಚೇರಿಯಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು.