ಮೂರೂವರೆ ಕೋಟಿಯ ಸರಾಸರಿ



ಒಂದು ಬೇಸಿಗೆಯಲ್ಲಿ ನಾವು ಲಾತೂರು ಜಿಲ್ಲೆಯ ಕಾಸಾರಶಿರಸಿಯಲ್ಲಿ ಪರಿಚಿತರೊಬ್ಬರ ಮನೆಗೆ ಹೋಗಿದ್ದೆವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಗಡಿಭಾಗದ ಬದುಕು ಹಾಗೆ. ಊಟವಾದ ಮೇಲೆ ಯಜಮಾನರು ಮೆಲ್ಲಗೆ ಮಾತು ತೆಗೆದರು.

“ಫಾದರ್, ನಮ್ಮ ಹುಡುಗ ಛಲೋ ಬೌಲಿಂಗ್ ಮಾಡ್ತಾನ್ರಿ. ಸಾಲಿ ಬಿಡಿಸಿ ಪುಣೆಗೆ ಕಳಸಬೇಕಂತ ಮಾಡೀನಿ. ಎರಡು ಎಕರೆ ಮಾರಿದ್ರ ಆಗ್ತದ. ಐಪಿಎಲ್‌ನಾಗ ಒಬ್ಬೊಬ್ಬರಿಗೆ ಸರಾಸರಿ ಮೂರೂವರೆ ಕೋಟಿ ಸಿಗ್ತದಂತಲ್ರಿ?”

ಒಂಬತ್ತನೆಯ ತರಗತಿ ಮುಗಿಸಿದ್ದ ಹುಡುಗ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ. ತಾಯಿ ಮಾತಾಡಲಿಲ್ಲ. ಆ ಎರಡು ಎಕರೆಯಲ್ಲೇ ಮನೆಯ ತೊಗರಿ, ಸೋಯಾಬೀನ್ ಬೆಳೆಯುತ್ತಿದ್ದವು.

ಅವರು ಹೇಳಿದ ಅಂಕಿ ಸುಳ್ಳಲ್ಲ. 2024ರ ನವೆಂಬರಿನಲ್ಲಿ ಜೆದ್ದಾದಲ್ಲಿ ನಡೆದ ಐಪಿಎಲ್ ಹರಾಜಿನಲ್ಲಿ 182 ಆಟಗಾರರಿಗೆ ಒಟ್ಟು 639.15 ಕೋಟಿ ರೂಪಾಯಿ ಸುರಿದರು. ಭಾಗಿಸಿದರೆ ತಲೆಗೆ ಮೂರೂವರೆ ಕೋಟಿ. ಆದರೆ ಸರಾಸರಿ ಎಂಬುದು ಯಾರ ಕೈಗೂ ಬಂದ ಹಣವಲ್ಲ, ಬರೀ ಲೆಕ್ಕ. ಹೊಲದಲ್ಲಿ ನಾಲ್ವರು ದಿನಕ್ಕೆ 400 ರೂಪಾಯಿ ದುಡಿದು, ಮಾಲೀಕರು 10,000 ಗಳಿಸಿದರು ಎನ್ನೋಣ. ಐವರ ಸರಾಸರಿ 2,320 ರೂಪಾಯಿ. ಅಷ್ಟು ಹಣ ಆ ಕೂಲಿಗಳಲ್ಲಿ ಯಾರ ಕಿಸೆಯಲ್ಲಿದೆ? ಎಲ್ಲರನ್ನೂ ಗಳಿಕೆಯ ಪ್ರಕಾರ ಸಾಲಾಗಿ ನಿಲ್ಲಿಸಿ ನಟ್ಟನಡುವಿನವನನ್ನು ಕೇಳಿ, “400” ಎನ್ನುತ್ತಾನೆ. ಗಣಿತದಲ್ಲಿ ಇದಕ್ಕೆ ಮಧ್ಯಾಂಕ ಎನ್ನುತ್ತಾರೆ. ಕೆಲವರಿಗೆ ಮಾತ್ರ ಬಹಳ ಸಿಗುವ ಕಡೆ ಮಧ್ಯಾಂಕವೇ ನಿಜಕ್ಕೆ ಹತ್ತಿರ.

ಆ ಹರಾಜಿನಲ್ಲಿ ರಿಷಭ್ ಪಂತ್ 27 ಕೋಟಿ, ಶ್ರೇಯಸ್ ಅಯ್ಯರ್ 26.75 ಕೋಟಿ, ವೆಂಕಟೇಶ್ ಅಯ್ಯರ್ 23.75 ಕೋಟಿ ಪಡೆದರು. 182 ಜನರ ಹಣದಲ್ಲಿ ನೂರಕ್ಕೆ ಹನ್ನೆರಡು ಪಾಲು ಈ ಮೂವರದೇ. ಸಾಲಿನ ಇನ್ನೊಂದು ತುದಿಯಲ್ಲಿ 30 ಲಕ್ಷದ ಕನಿಷ್ಠ ಬೆಲೆಗೆ ಹೋದವರಿದ್ದರು.

ಇನ್ನು ಸಾಲಿನೊಳಗೇ ಬಾರದವರ ಮಾತು. ಹೆಸರು ನೋಂದಾಯಿಸಿದ್ದ ಭಾರತೀಯರು 1,165 ಮಂದಿ, ಮಾರಾಟವಾದವರು 120. ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರು. ಹೆಸರು ಕೊಟ್ಟವರೂ ಹಲವು ಜರಡಿಗಳಿಂದ ಇಳಿದು ಬಂದವರೇ. ತಾಲೂಕು, ಜಿಲ್ಲೆ, ರಾಜ್ಯ ಮೂರೂ ಕಡೆ ಹತ್ತರಲ್ಲಿ ಒಬ್ಬನಂತೆ ಆರಿಸಿದರು ಎಂದುಕೊಂಡರೂ ಸಂಭವವನ್ನು ಕೂಡಿಸುವುದಲ್ಲ, ಗುಣಿಸಬೇಕು. ಆಗ ಉಳಿಯುವವನು ಸಾವಿರಕ್ಕೆ ಒಬ್ಬ. ಪತ್ರಿಕೆಯಲ್ಲಿ ಫೋಟೋ ಬರುವುದು ಅವನದೇ. ಉಳಿದ 999 ಮಂದಿ ನಮ್ಮ ಕಣ್ಣಿಗೆ ಬೀಳುವುದಿಲ್ಲ.

“ತುಳಜಾಪುರದ ಹುಡುಗ ಹೋಗ್ಯಾನಲ್ರಿ!” ಎಂದರು ಯಜಮಾನರು. ನಿಜ. ಉಮರ್ಗಾ ಇರುವ ಧಾರಾಶಿವ ಜಿಲ್ಲೆಯವರೇ ಆದ ರಾಜವರ್ಧನ್ ಹಂಗರಗೇಕರ್ 2022ರಲ್ಲಿ ಹತ್ತೊಂಬತ್ತರೊಳಗಿನವರ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಅದೇ ತಿಂಗಳು ಚೆನ್ನೈ ತಂಡ ಅವರನ್ನು 1.5 ಕೋಟಿಗೆ ಕೊಂಡಿತು. 2024ರ ಹರಾಜಿನಲ್ಲಿ ಲಖನೌ ತಂಡ ಅವರನ್ನು ಕೊಂಡದ್ದು 30 ಲಕ್ಷಕ್ಕೆ. ಮೂರು ವರ್ಷ ತುಂಬುವ ಮೊದಲೇ ಬೆಲೆ ಐದನೆಯ ಒಂದು ಪಾಲಿಗೆ ಇಳಿಯಿತು. ಅದು ಅವರ ಸೋಲಲ್ಲ. ಆ ಸಂಬಳದ ಸ್ವಭಾವವೇ ಹಾಗೆ, ನಮ್ಮ ಮಳೆಯ ಹಾಗೆ.

ಹಾಗಾದರೆ ಆಟ ಬೇಡವೇ? ನಾವು ಹಾಗೆ ಹೇಳಲಿಲ್ಲ. “ಸೋತರೂ ಮನೆ ನಿಲ್ಲುವಷ್ಟನ್ನೇ ಪಣಕ್ಕಿಡಿ. ಹೊಲ ಇರಲಿ, ಹತ್ತನೆಯ ತರಗತಿ ಮುಗಿಯಲಿ, ಬೌಲಿಂಗೂ ನಡೆಯಲಿ” ಎಂದೆವು. ಆಟಕ್ಕೆ ಸಂಬಳ ಬಾರದೆ ಹೋಗಬಹುದು. ಆಟದ ಸಂತೋಷಕ್ಕೆ ಹರಾಜಿಲ್ಲ.

ಯಜಮಾನರು ಬಹಳ ಹೊತ್ತು ಸುಮ್ಮನಿದ್ದರು. ನಾವು ಹೊರಟಾಗ ಹುಡುಗ ಬಸ್ಸಿನ ತನಕ ನಮ್ಮ ಚೀಲ ಹೊತ್ತು ತಂದ. “ಫಾದರ್, ಆ 999 ಮಂದಿ ಈಗ ಏನ್ ಮಾಡ್ತಾರ್ರಿ?” ಎಂದು ಕೇಳಿದ.

ಪ್ರಿಯ ತಂದೆತಾಯಂದಿರೇ, ಮಕ್ಕಳ ಕನಸಿಗೆ ಹಣ ಹೂಡುವ ಮುನ್ನ ನಾವೆಲ್ಲ ಕೇಳಿಕೊಳ್ಳಬೇಕಾದ ಪ್ರಶ್ನೆ ಅದು. ಅದನ್ನು ಆ ಹುಡುಗನೇ ಕೇಳಿದ.