ಹಾಸಿಗೆಯೂ ಕಾಲೂ

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆ ಗಣಕಯಂತ್ರಕ್ಕೂ ಸಲ್ಲುತ್ತದೆ. ಪ್ರೊಸೆಸರೇ ಅಲ್ಲಿ ಹಾಸಿಗೆ; ಯಂತ್ರದ ಕೆಲಸಗಳನ್ನೆಲ್ಲ ನಿರ್ವಹಿಸುವ ಆಪರೇಟಿಂಗ್ ಸಿಸ್ಟಮ್ ಮಲಗುವವನು. 1978ರಲ್ಲಿ ಬಂದ ಇಂಟೆಲ್ 8086 ಪ್ರೊಸೆಸರಿನಲ್ಲಿ ಒಂದು ಪ್ರೋಗ್ರಾಂ ಇನ್ನೊಂದರ ಸ್ಮೃತಿಯನ್ನು ಅತಿಕ್ರಮಿಸದಂತೆ ತಡೆಯುವ ಗೋಡೆಯಿರಲಿಲ್ಲ. ಒಂದು ಪ್ರೋಗ್ರಾಂ ಕೆಟ್ಟರೆ ಇಡೀ ಯಂತ್ರವೇ ಸ್ತಬ್ಧವಾಗಬಹುದಿತ್ತು. ಅದಕ್ಕಾಗಿ ಅದರ ಮೇಲೆ ನಡೆಯುತ್ತಿದ್ದ ಎಂಎಸ್-ಡಾಸ್ ವ್ಯವಸ್ಥೆಯೊಂದನ್ನೇ ದೂರುವುದು ನ್ಯಾಯವಲ್ಲ.

1985ರಲ್ಲಿ ಬಂದ 80386 ಪ್ರೊಸೆಸರಿನಲ್ಲಿ ಅಂಥ ಗೋಡೆಯೂ ಇತ್ತು. 4 ಗಿಗಾಬೈಟ್ ಸ್ಮೃತಿಯನ್ನು ಬಳಸುವ ಸಾಮರ್ಥ್ಯವೂ ಇತ್ತು. ಆದರೂ ಹಲವು ವರ್ಷ ಎಂಎಸ್-ಡಾಸ್ ಅದರ ಮೇಲೆ ಕಾಲು ಮಡಚಿಕೊಂಡೇ ಮಲಗಿತ್ತು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆ ಸಾಮರ್ಥ್ಯವನ್ನರಿತು ಲಿನಕ್ಸನ್ನು ರಚಿಸಿದರು. ಹಾಸಿಗೆ ಉದ್ದವಾದರೆ ಸಾಲದು. ಕಾಲು ಚಾಚುವ ಮನಸ್ಸೂ ಬೇಕು.